ಮೂಗು ಮೇಷ್ಟ್ರು ಮತ್ತು ಕುಡಿದ ಹೊಲಿಗೆ

“ಇಪ್ಪತ್ತೆರಡು ವರ್ಷದಿಂದ ಮಕ್ಕಳನ್ನ ಹೊರಗಿನ ಪಂದ್ಯಗಳಿಗೆ ಕರ್ಕೊಂಡು ಹೋಗ್ತಿದೀನಿ ಮೇಡಂ. ನನ್ನ ತಂಡದ ಒಂದೇ ಒಂದು ಮಗುವಿನ ನಾಲಗೆಗೆ ಒಂದೇ ಒಂದು ತೊಟ್ಟು ತಾಗಿದ್ದು ತೋರ್ಸಿಬಿಡಿ, ಈ ಮೂಗನ್ನ ಕೊಯ್ದು ನಿಮ್ಮ ಮೇಜಿನ ಮೇಲೆ ಪೇಪರ್‌ವೇಟ್ ಮಾಡಿ ಇಟ್ಟು ಹೋಗ್ತೀನಿ!”

ಹೆಡ್‌ಮೇಡಂ ಎದುರು ಎದೆ ಉಬ್ಬಿಸಿ ನಿಂತು ಹೀಗೆ ಸಾರಿದವರು ಶಾಲೆಯ ಡ್ರಿಲ್ ಮೇಷ್ಟ್ರು. ಪೇಪರ್‌ವೇಟ್ ಆಗುವ ಯೋಗ್ಯತೆ ಆ ಮೂಗಿಗೆ ಖಂಡಿತ ಇತ್ತು. ಮೇಷ್ಟ್ರು ತರಗತಿಗೆ ಬರುವ ಐದು ನಿಮಿಷ ಮೊದಲೇ ಅದು ಬಂದು ಹಾಜರಿ ತೆಗೆದುಕೊಂಡು ಮುಗಿಸಿರುತ್ತಿತ್ತು. ಈಗಿನ ಮಕ್ಕಳ ಅಪ್ಪಂದಿರೇ ಅವರಿಗೆ ‘ಮೂಗು ಮೇಷ್ಟ್ರು’ ಎಂದು ಹೆಸರಿಟ್ಟು ಹೋದವರು. ಮೇಷ್ಟ್ರಿಗೆ ಅದರ ಬಗ್ಗೆ ಬೇಸರವಿರಲಿಲ್ಲ, ಹೆಮ್ಮೆಯಿತ್ತು. ಅವರು ಕೆಲಸಕ್ಕೆ ಸೇರಿದ ವಾರವೇ ಶಾಲೆಯ ಹಿಂದಿನ ಬೀದಿಯ ಹೆಂಡದಂಗಡಿ ತಾನಾಗಿ ಬಾಗಿಲು ಹಾಕಿಕೊಂಡು ನಾಲ್ಕು ಮೈಲಿ ಆಚೆ ಹೋಯಿತಂತೆ. ಮುಚ್ಚಿದ ಬಾಟಲಿಯನ್ನು ಗೋಡೆಯಾಚೆಯಿಂದ ಮೂಸಿ, ಅದು ಯಾವ ವರ್ಷದ್ದು, ತಂದವನು ಯಾವ ಕಾಲಿಗೆ ಕುಂಟುತ್ತಾನೆ ಎನ್ನುವುದನ್ನೂ ಹೇಳುತ್ತಿದ್ದರಂತೆ. ಹೀಗೆಲ್ಲ ಹೇಳುತ್ತಿದ್ದವರು ಬೇರೆ ಯಾರೂ ಅಲ್ಲ, ಅವರೇ.

ಹೆಡ್‌ಮೇಡಂ ಬಗ್ಗಲಿಲ್ಲ. ಹೋದ ವರ್ಷ ಬೇರೆ ಯಾವುದೋ ಶಾಲೆಯ ಹುಡುಗ ಪಂದ್ಯಕ್ಕೆ ಹೋದಲ್ಲಿ ಕುಡಿದು ಪ್ರಜ್ಞೆ ತಪ್ಪಿ, ಮೂರು ದಿನ ಆಸ್ಪತ್ರೆಯಲ್ಲಿ ಬಿದ್ದಿದ್ದ. ಅಂದಿನಿಂದ ಪ್ರತಿ ತಂಡದ ಜತೆ ಇಬ್ಬರು ಹಿರಿಯರು ಹೋಗಬೇಕೆಂದು ಮೇಲಿನಿಂದ ಕಾಗದ ಬಂದಿತ್ತು.

“ಈ ಸಲ ಹೊಲಿಗೆ ಟೀಚರ್ ನಿಮ್ಮ ಜತೆ ಬರ್ತಾರೆ,” ಅಂದರು ಹೆಡ್‌ಮೇಡಂ. “ಇನ್ನೊಂದು ವಿಷಯ. ಎರಡು ತಿಂಗಳ ನಂತರದ ದೊಡ್ಡ ಕೂಟಕ್ಕೆ ಪಕ್ಕದ ಶಾಲೆಯವರ ಜತೆ ಸೇರಿ ಹೋಗೋದು. ಅವರ ಕಡೆಯಿಂದ ಒಬ್ಬರು, ನಮ್ಮ ಕಡೆಯಿಂದ ಒಬ್ಬರೇ. ಯಾರು ಅಂತ ಈ ಪ್ರವಾಸ ನೋಡಿ ತೀರ್ಮಾನ ಮಾಡ್ತೀನಿ.”

ಮೇಷ್ಟ್ರ ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದ ಹಾಗಾಯಿತು. ಇಪ್ಪತ್ತೆರಡು ವರ್ಷ ದೊಡ್ಡ ಕೂಟದ ಬಸ್ಸನ್ನು ಮೊದಲು ಹತ್ತಿದವರು ಅವರು. ಈಗ ಆ ಜಾಗಕ್ಕೆ ಪೈಪೋಟಿ! ಅದೂ ಯಾರ ಜತೆ? ಜಾವೆಲಿನ್ ತೋರಿಸಿದರೆ “ಇದಕ್ಕೆ ಪರದೆ ಎಷ್ಟು ಗಜ ಬೇಕು?” ಎಂದು ಕೇಳುವ ಹೆಂಗಸಿನ ಜತೆ!

ಹೊಲಿಗೆ ಟೀಚರಿಗೆ ಐವತ್ತರ ಮೇಲೆ ಒಂದೆರಡು. ಕುಳ್ಳಗಿನ ಆಕೃತಿ, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ, ಹೆಗಲಿಗೊಂದು ಬಟ್ಟೆ ಚೀಲ. ಬಸ್ಸು ಹೊರಟು ಒಂದು ಗಂಟೆಯಾಗುವುದರೊಳಗೆ ಹದಿನೆಂಟು ಮಕ್ಕಳಲ್ಲಿ ಹದಿನಾರು ಮಂದಿ ಅವರ ಸೀಟಿನ ಸುತ್ತ ಸೇರಿದ್ದರು. ಉಳಿದಿಬ್ಬರು ಮೇಷ್ಟ್ರ ಪಕ್ಕ ಇದ್ದರು, ನಿದ್ದೆ ಬಂದಿದ್ದರಿಂದ.

ಮೇಷ್ಟ್ರು ಕಿಟಕಿಯಾಚೆ ನೋಡುವ ನಟನೆ ಮಾಡುತ್ತಾ ಕಿವಿಯನ್ನು ಮಾತ್ರ ಹಿಂದಕ್ಕೆ ಬಿಟ್ಟಿದ್ದರು. ಗುಂಡು ಎಸೆಯುವ ಹುಡುಗ, ಎಲ್ಲರ ಬಾಯಲ್ಲಿ ಬುಲ್ಡೋಜರ್, “ಟೀಚರಮ್ಮಾ, ನಂಗೆ ಅಪ್ಪನ್ನ ಕಂಡ್ರೆ ಭಯ. ಪದಕ ಇಲ್ದೆ ಹೋದ್ರೆ ಒಂದು ವಾರ ಮಾತೇ ಆಡಲ್ಲ,” ಅನ್ನುತ್ತಿದ್ದ. ಮೂರು ವರ್ಷದಿಂದ ಆ ಹುಡುಗನ ಮೊಣಕೈ ಹಿಡಿದು ತಿದ್ದಿದವರು ಮೇಷ್ಟ್ರು. ಮೂರು ವರ್ಷದಲ್ಲಿ ಅವನು ಅವರ ಹತ್ತಿರ ಆಡಿದ್ದು ಎರಡೇ ಮಾತು: “ಹೂಂ ಸಾರ್,” “ಆಯ್ತು ಸಾರ್.” ಈಯಮ್ಮನಿಗೆ ಮೂರು ಮೈಲಿಗೆ ಮನೆ ಕಥೆಯೆಲ್ಲ ಬಿಚ್ಚಿಟ್ಟ! ಮೇಷ್ಟ್ರಿಗೆ ಬಸ್ಸಿನಿಂದ ಧುಮುಕಿ ಓಡುತ್ತಲೇ ಪಂದ್ಯದ ಊರು ಸೇರೋಣವೆನ್ನಿಸಿತು. ಬಸ್ಸಿಗಿಂತ ಮೊದಲು ತಲುಪುತ್ತಿದ್ದೆ ಎಂಬ ನಂಬಿಕೆಯೂ ಅವರಿಗಿತ್ತು.

ಉಳಿಯಲು ಕೊಟ್ಟಿದ್ದು ಒಂದು ಶಾಲೆಯ ಕೊಠಡಿಗಳನ್ನು. ಬೆಂಚುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದ್ದರು. ಕಪ್ಪುಹಲಗೆಯ ಮೇಲೆ ಯಾರೋ ಅರ್ಧಕ್ಕೆ ಬಿಟ್ಟ ಭಾಗಾಕಾರ ಇತ್ತು. ಸಂಜೆ ಆರಕ್ಕೆ ಮೇಷ್ಟ್ರು ಜಗುಲಿಯಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತಮ್ಮ ಹೆಸರಾಂತ ಪರೀಕ್ಷೆ ಶುರು ಮಾಡಿದರು.

“ಊದು!”

ಒಬ್ಬೊಬ್ಬರಾಗಿ ಬಂದು ಮೇಷ್ಟ್ರ ಮೂಗಿನ ಮೇಲೆ ಊದಿದರು. ಮೇಷ್ಟ್ರು ಕಣ್ಣು ಮುಚ್ಚಿ, ಸಂಗೀತ ಕೇಳುವವರ ಹಾಗೆ ತಲೆಯಾಡಿಸಿ, “ಶುದ್ಧ. ಮುಂದಕ್ಕೆ,” ಎಂದರು. ಊದಿದವರಿಗೆ ತಮ್ಮ ಡಬ್ಬಿಯಿಂದ ನೋವಿನ ಮುಲಾಮು ತೆಗೆದು ಮೀನಖಂಡಕ್ಕೆ, ಮಂಡಿಗೆ, ಭುಜಕ್ಕೆ ತಿಕ್ಕಿದರು. ಆ ಮುಲಾಮಿನ ಘಾಟು ಸಾಮಾನ್ಯದ್ದಲ್ಲ. ಮೇಷ್ಟ್ರ ಮನೆಯಲ್ಲಿ ಅವರ ಟವೆಲ್ಲಿಗೆ ಬೇರೆಯೇ ತಂತಿ ಇತ್ತು. ಅವರ ಕೋಣೆಯ ಸೊಳ್ಳೆಗಳೆಲ್ಲ ಎಂದೋ ಊರು ಬಿಟ್ಟಿದ್ದವು. ಅವರ ಹೆಂಡತಿ ಇಪ್ಪತ್ತು ವರ್ಷದಿಂದ ನೆಗಡಿಯೆಂದರೇನೆಂದೇ ಅರಿಯರು.

ಹೊಲಿಗೆ ಟೀಚರ್ ಕಂಬಕ್ಕೊರಗಿ ಇದನ್ನೆಲ್ಲ ನೋಡಿ ಕೇಳಿದರು: “ಸರ್, ಒಂದು ಅನುಮಾನ. ಸೋತ ಮಕ್ಕಳು ಮಧ್ಯಾಹ್ನ ಎಲ್ಲಿರ್ತಾರೆ?”

“ಸೋತವರಾ? ಅವರನ್ನ ಕಟ್ಕೊಂಡು ನನಗೇನು ಟೀಚರಮ್ಮ? ಗ್ಯಾಲರಿಲಿ ಕೂತು ಚಪ್ಪಾಳೆ ತಟ್ತಾರೆ.”

“ದಿನವಿಡೀನಾ?”

“ಕೈ ನೋವಾದ್ರೆ ನಿಲ್ಲಿಸ್ತಾರೆ.”

“ನೀವೂ ಹಿಂದೆ ಓಡ್ತಿದ್ರಂತಲ್ಲ? ಸೋತ ದಿನ ನೀವು ಏನ್ ಮಾಡ್ತಿದ್ರಿ?”

ಮೇಷ್ಟ್ರು ಡಬ್ಬಿಯ ಮುಚ್ಚಳ ತಿರುಗಿಸುವುದರಲ್ಲಿ ಮಗ್ನರಾದರು. “ನಾನು ಸೋತಿದ್ದು ಕಡಿಮೆ,” ಅಂದರು. ಹದಿನಾರನೇ ವಯಸ್ಸಿನಲ್ಲಿ ಎಂಟುನೂರು ಮೀಟರಿನಲ್ಲಿ ನಾಲ್ಕನೆಯವರಾಗಿ ಬಂದಿದ್ದನ್ನು ಅವರು ಯಾವಾಗಲೂ ‘ಮೂರನೆಯವನ ಹಿಂದೆಯೇ ಇದ್ದೆ’ ಎಂದು ವಿವರಿಸುತ್ತಿದ್ದರು.

ಮರುದಿನ ಬೆಳಗ್ಗೆ ಟೀಚರಮ್ಮ ಮಕ್ಕಳ ಜೆರ್ಸಿ ಮೇಲಿನ ಎದೆ ನಂಬರುಗಳನ್ನು ನೋಡಿ ಹೌಹಾರಿದರು. “ಪಿನ್ನು ಚುಚ್ಚಿ ಚುಚ್ಚಿ ಜರಡಿ ಮಾಡಿದೀರಲ್ಲೋ! ಸೂಜಿ ದಾರ ಅನ್ನೋದು ಕಂಡುಹಿಡಿದು ಸಾವಿರಾರು ವರ್ಷ ಆಯ್ತು, ಗೊತ್ತಾ?” ಬೆಳಗಿನ ಸುತ್ತಿನಲ್ಲಿ ಸೋತು ಹೊರಬಿದ್ದ ಏಳು ಮಂದಿಯನ್ನು ಗ್ಯಾಲರಿಯ ನೆರಳಿನಲ್ಲಿ ಸುತ್ತ ಕೂರಿಸಿಕೊಂಡು, ಒಬ್ಬೊಬ್ಬರ ಕೈಗೆ ಒಂದೊಂದು ಸೂಜಿ ಕೊಟ್ಟರು. ಇನ್ನೂ ಆಟದಲ್ಲಿ ಉಳಿದವರ ನಂಬರುಗಳನ್ನು ಸೋತವರು ಹೊಲಿಯಬೇಕು. ಇದು ಅವರ ಕಾನೂನು.

ಮೇಷ್ಟ್ರು ಟ್ರ್ಯಾಕಿನ ಪಕ್ಕ ಸ್ಟಾಪ್‌ವಾಚ್ ಹಿಡಿದು ನಿಂತಿದ್ದರು. ಅವರ ಕಣ್ಣು ಮಾತ್ರ ಗ್ಯಾಲರಿಯ ನೆರಳಿನಲ್ಲಿತ್ತು. ಬುಲ್ಡೋಜರ್ ನಾಲಗೆ ಹೊರಚಾಚಿ ಸೂಜಿಗೆ ದಾರ ಪೋಣಿಸುತ್ತಿದ್ದ. ಅವನ ಬೆರಳಿಗಿಂತ ಸೂಜಿ ಹೆದರಿದ ಹಾಗೆ ಕಾಣುತ್ತಿತ್ತು. ಉದ್ದಜಿಗಿತದ ಹುಡುಗ, ಕಾಲು ಮಾತ್ರ ಇದ್ದು ಮೈಯೇ ಇಲ್ಲದಂತಿದ್ದ ಕೊಕ್ಕರೆ, ಕಾಲೆರಡನ್ನೂ ಮಡಚಿಟ್ಟು ಇರುವೆ ಸಾಲಿನಂಥ ಹೊಲಿಗೆ ಹಾಕುತ್ತಿದ್ದ. ನಗು, ಕೇಕೆ, ಗೇಲಿ. ಸೋತವರಿಗೆ ಇಷ್ಟು ಸುಖವೇ? ಓಡುತ್ತಿದ್ದವರು ಕೂಡ ಓರೆಗಣ್ಣಿನಿಂದ ಅತ್ತಲೇ ನೋಡುತ್ತಿದ್ದಂತೆ ಮೇಷ್ಟ್ರಿಗೆ ಕಂಡಿತು. ಹೀಗೇ ಬಿಟ್ಟರೆ ನಾಳೆ ಸೋಲುವುದಕ್ಕೆಂದೇ ತರಬೇತಿ ಕೇಳುತ್ತಾರೆ!

ನೆಪ ಹುಡುಕಿ ಐದು ಸಲ ಆ ಕಡೆ ಹಾದುಹೋದರು. ಐದನೆಯ ಸಲ ಸೀಟಿಯ ದಾರ ಕಿತ್ತುಹೋಗಿದೆ ಎಂದರು. ಕಿತ್ತಿದ್ದು ಅವರೇ.

“ಸರದಿ ಇದೆ ಸರ್,” ಎಂದರು ಟೀಚರಮ್ಮ ತಲೆಯೆತ್ತದೆ. “ನೀವು ಏಳನೆಯವರ ಹಿಂದೆಯೇ ಇದೀರಿ.”

ಮಕ್ಕಳು ಗೊಳ್ಳೆಂದು ನಕ್ಕರು. ಹಿಂದೆಯೇ ಇದ್ದ ಸುದ್ದಿ ಇವರಿಗೆ ಯಾರು ಹೇಳಿದರು? ಮೇಷ್ಟ್ರ ಕಿವಿಯಿಂದ ಹೊರಟ ಹೊಗೆಗೆ ಮೈದಾನದಾಚೆಯ ಅಗ್ನಿಶಾಮಕದವರು ಎದ್ದು ನಿಂತಿರಬೇಕು. ಹೊಟ್ಟೆಕಿಚ್ಚು ತಲೆಗೇರಿದವನಿಗೆ ಅಧಿಕಾರ ನೆನಪಾಗುತ್ತದೆ.

“ಎಲ್ರೂ ಏಳಿ! ನಾವು ಬಂದಿರೋದು ಕ್ರೀಡಾಕೂಟಕ್ಕೆ, ದರ್ಜಿ ಅಂಗಡಿಗಲ್ಲ. ಹೊಲಿಗೆ ಮುಗೀತು. ನಾಲ್ಕು ಗಂಟೆವರೆಗೆ ನಿಮ್ಮ ಪಾಡಿಗೆ ಇರಿ. ನಾಲ್ಕಕ್ಕೆ ಹಾಜರಿ, ಪರೀಕ್ಷೆ.”

“ಸರ್, ಇನ್ನೂ ಎರಡು ಗಂಟೆ…” ಎಂದರು ಟೀಚರಮ್ಮ.

“ತಂಡದ ನಾಯಕ ಯಾರು ಟೀಚರಮ್ಮ?”

“ನೀವೇ ಸರ್,” ಎಂದು ಅವರು ಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕಿಕೊಂಡರು. ಒಂದು ಕಡಿಮೆ ಇತ್ತು. ಕೊಕ್ಕರೆ ರಿಲೇ ಓಟದ ಹುಡುಗಿಯ ಜೆರ್ಸಿಯನ್ನು ಅರ್ಧ ಹೊಲಿದಿದ್ದ. “ಮುಗಿಸಿ ತರ್ತೀನಿ ಟೀಚರಮ್ಮ,” ಎಂದು ಸೂಜಿಯ ಸಮೇತ ಹೊರಟ.

ನಾಲ್ಕು ಗಂಟೆಗೆ ಸಾಲು ನಿಂತಿತು. ಹದಿನೇಳೇ ಮಂದಿ.

“ಬುಲ್ಡೋಜರ್ ಎಲ್ಲೋ?”

“ಕಕ್ಕಸಿಗೆ ಹೋಗಿದಾನೆ ಸಾರ್,” ಎಂದ ಕೊಕ್ಕರೆ.

“ಅವನನ್ನ ಆಮೇಲೆ ನೋಡ್ಕೋತೀನಿ. ಊದು!”

ಕೊಕ್ಕರೆ ಊದಿದ. ಮೇಷ್ಟ್ರು ಕಣ್ಣು ಮುಚ್ಚಿದರು, ತಲೆಯಾಡಿಸಿದರು. “ಶುದ್ಧ!” ಹದಿನೇಳೂ ಶುದ್ಧ. ಟೀಚರಮ್ಮನ ಕಡೆ ತಿರುಗಿ, “ನೋಡಿದ್ರಾ? ಮಕ್ಕಳನ್ನ ಕಾಯೋಕೆ ಸೂಜಿ ಬೇಕಾಗಿಲ್ಲ,” ಎಂದು ಮೀಸೆ ತಿರುವಿದರು.

ಅಷ್ಟರಲ್ಲಿ ಗೋಳಾಟ ಕೇಳಿಸಿತು. ರಿಲೇಯ ಕೊನೆಯ ಸುತ್ತು ಓಡಬೇಕಿದ್ದ ಹುಡುಗಿ, ಹಗುರ ಮೈಯ ಗಾಳಿಪಟ, ಜೆರ್ಸಿಯೊಳಗೆ ತಲೆ ತೂರಿಸಿ ಸಿಕ್ಕಿಬಿದ್ದು ಗಿರಗಿರನೆ ಸುತ್ತುತ್ತಿದ್ದಳು. “ತಲೆ ಹೋಗ್ತಿಲ್ಲ ಟೀಚರಮ್ಮಾ! ಕತ್ತು ಬಂದ್ ಆಗಿದೆ! ಕಾಲ್ಗಂಟೇಲಿ ಫೈನಲ್ಲು!”

ಟೀಚರಮ್ಮ ಅವಳನ್ನು ಬಿಡಿಸಿ, ಕನ್ನಡಕ ಏರಿಸಿ ಜೆರ್ಸಿ ನೋಡಿದರು. ನಂಬರನ್ನು ಮುಂಭಾಗಕ್ಕಷ್ಟೇ ಹೊಲಿಯದೆ, ಸೂಜಿ ಹಿಂಭಾಗವನ್ನೂ ಹಿಡಿದು ಎರಡನ್ನೂ ಒಂದು ಮಾಡಿ ಬಿಗಿದುಬಿಟ್ಟಿತ್ತು. ಅವರು ಪುಟ್ಟ ಕತ್ತರಿ ತೆಗೆದು ಹೊಲಿಗೆ ಬಿಚ್ಚತೊಡಗಿದರು. ಬಿಚ್ಚುತ್ತಾ ಬಿಚ್ಚುತ್ತಾ ಕೈ ನಿಧಾನವಾಯಿತು.

“ಇದು ಯಾರ ಹೊಲಿಗೆ?”

ಕೊಕ್ಕರೆ ನೆಲ ನೋಡಿದ.

“ಸರ್, ಸ್ವಲ್ಪ ಇಲ್ಲಿ ಬನ್ನಿ. ಈ ಕಡೆಯಿಂದ ಹನ್ನೆರಡು ಹೊಲಿಗೆ ನೋಡಿ. ಅಳತೆಪಟ್ಟಿ ಇಟ್ಟ ಹಾಗಿದೆ. ಅದು ನನ್ನ ಪಕ್ಕ ಕೂತು ಹಾಕಿದ್ದು. ಇಲ್ಲಿಂದ ಮುಂದೆ ನೋಡಿ. ಒಂದು ಉದ್ದ, ಒಂದು ಗಿಡ್ಡ, ಒಂದು ಅಡ್ಡ. ಇಲ್ಲಂತೂ ದಾರ ಎಡವಿ ಬಿದ್ದಿದೆ.” ಮೆಲ್ಲಗೆ ಹೇಳಿದರು, “ಈ ಹೊಲಿಗೆ ಕುಡಿದಿದೆ.”

“ಏನ್ ಮಾತಾಡ್ತೀರಿ ನೀವು! ಈಗಷ್ಟೇ ಅವನನ್ನ ಮೂಸಿದೀನಿ ನಾನು!” ಮೇಷ್ಟ್ರು ಕೊಕ್ಕರೆಯ ಭುಜ ಹಿಡಿದೆಳೆದು ಇನ್ನೊಮ್ಮೆ ಮೂಸಿದರು. ಬರೀ ಮುಲಾಮು. ಮತ್ತೊಮ್ಮೆ ಮೂಸಿದರು. ಮುಲಾಮು.

ಕೊಕ್ಕರೆ ಬಾಯಿ ಬಿಟ್ಟ. ಅವನು ಹೇಳಿದ್ದು ಮೇಷ್ಟ್ರಿಗಲ್ಲ, ಟೀಚರಮ್ಮನಿಗೆ. “ಬೇರೆ ತಂಡದ ದೊಡ್ಡ ಹುಡುಗ್ರು ಕೊಟ್ರು. ನೀರಿನ ಟ್ಯಾಂಕಿನ ಹಿಂದೆ. ಮೊದ್ಲು ಬೇಡ ಅಂದ್ವಿ. ಎಲ್ಲೂ ಹೋಗೋಕೆ ಜಾಗ ಇರ್ಲಿಲ್ಲ, ಹೊಲಿಗೆ ಮುಗೀತು ಅಂದ್ರಲ್ಲ… ಆಮೇಲೆ ಕತ್ತಿಗೆ ಸಾರ್ ಮುಲಾಮು ಹಚ್ಕೊಂಡೆ.”

“ನನ್ನ ಮುಲಾಮಾ?”

“ಎಲ್ರಿಗೂ ಗೊತ್ತು ಸಾರ್. ಸೀನಿಯರ್ಸು ಹೇಳ್ಕೊಟ್ಟು ಹೋಗ್ತಾರೆ. ಸಾರ್ ಮೂಗಿಗೆ ಮುಲಾಮು ಬಿಟ್ರೆ ಬೇರೆ ಏನೂ ಬರಲ್ಲ ಅಂತ.”

ಅವನ ಚೀಲದಲ್ಲಿ ತಂಪು ಪಾನೀಯದ ಬಾಟಲಿಯೊಂದಿತ್ತು, ತಳದಲ್ಲಿ ಒಂದಿಷ್ಟು ಉಳಿದಿತ್ತು. ಟೀಚರಮ್ಮ ಮುಚ್ಚಳ ತೆಗೆದು, ಮುಖ ಕಿವುಚಿಕೊಂಡು, ಅದನ್ನು ಮೇಷ್ಟ್ರ ಮೂಗಿನ ಕೆಳಗೆ ಹಿಡಿದರು. “ಏನು ಸರ್ ಇದು?”

ಮೇಷ್ಟ್ರು ಎಳೆದ ಉಸಿರಿಗೆ ಆ ಬಾಟಲಿಯೇ ಒಳಗೆ ಹೋಗಬೇಕಿತ್ತು. “ಕಿತ್ತಳೆ ಷರಬತ್ತು,” ಅಂದರು.

ಮೂರು ಅಡಿ ದೂರದಲ್ಲಿದ್ದ ಗಾಳಿಪಟಕ್ಕೆ ಆ ಘಾಟಿಗೆ ಕೆಮ್ಮು ಬಂತು.

ಇಪ್ಪತ್ತೆರಡು ವರ್ಷ! ಎಷ್ಟು ಮಕ್ಕಳು ಆ ಮೂಗಿನ ಮೇಲೆ ಊದಿ ನಗುತ್ತಾ ಹೋದರೋ ಎಂದು ಮೇಷ್ಟ್ರು ಲೆಕ್ಕ ಹಾಕಲು ಹೊರಟರು. ಲೆಕ್ಕ ಮುಗಿಸುವ ಪುರುಸೊತ್ತಿರಲಿಲ್ಲ.

“ಬುಲ್ಡೋಜರ್ ಎಲ್ಲಿ?” ಎಂದು ಟೀಚರಮ್ಮ ಕೇಳಿದರು.

ಕೊಕ್ಕರೆ ಅಳುತ್ತಾ, “ಅಲ್ಲೇ ಇದಾನೆ. ತುಂಬಾ ಕುಡ್ದ. ಅವ್ನು ಫೈನಲ್ಲಿಗೆ ಹೋಗ್ಲಿಲ್ವಲ್ಲ, ಅಪ್ಪ…” ಎಂದ.

ಮೇಷ್ಟ್ರು ಓಡಿದರು. ಹೊಟ್ಟೆ ಎಡಕ್ಕೆ, ಮೂಗು ಬಲಕ್ಕೆ, ಚಪ್ಪಲಿಗಳು ಹಿಂದಕ್ಕೆ. ಆ ದಿನ ಎಂಟುನೂರು ಮೀಟರಿನ ಫೈನಲ್ ಮುಗಿದು ಹೋಗಿದ್ದು ಗೆದ್ದವನ ಪುಣ್ಯ. ಟ್ಯಾಂಕಿನ ಹಿಂದೆ ಬುಲ್ಡೋಜರ್ ಬೆನ್ನ ಮೇಲೆ ಅಂಗಾತ ಬಿದ್ದು ಗೊರಗೊರ ಸದ್ದು ಮಾಡುತ್ತಿದ್ದ. ದೊಡ್ಡ ಹುಡುಗರು ಯಾವಾಗಲೋ ಜಾಗ ಖಾಲಿ ಮಾಡಿದ್ದರು. ಮೇಷ್ಟ್ರು ಅವನನ್ನು ಮಗ್ಗುಲಿಗೆ ಹೊರಳಿಸಿ, ಬಾಯಿ ಕೆಳಮುಖವಾಗುವ ಹಾಗೆ ತಲೆ ಹಿಡಿದರು. ಹಿಡಿದದ್ದೇ ತಡ, ಒಳಗಿದ್ದದ್ದು ಹೊರಗೆ ಬಂತು. ಅಂಗಾತವೇ ಇದ್ದಿದ್ದರೆ ಉಸಿರಿಗೆ ಸಿಕ್ಕಿಕೊಳ್ಳುತ್ತಿತ್ತು.

“ಡಾಕ್ಟ್ರನ್ನ ಕರೀರಿ! ನಾನು ಇವನನ್ನ ಬಿಟ್ಟು ಅಲ್ಲಾಡಲ್ಲ!” ಎಂದು ಹಿಂದೆ ಬಂದ ಟೀಚರಮ್ಮನಿಗೆ ಕೂಗಿದರು. ಅವರ ದನಿಯಲ್ಲಿ ಡ್ರಿಲ್ ಇರಲಿಲ್ಲ.

ಮೈದಾನದ ಡಾಕ್ಟರರು ಬಂದು, ನೋಡಿ, ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಮಲಗಿಸಿ ನಿಗಾ ಇಟ್ಟರು. ಹುಡುಗ ಕರೆದರೆ ಕಣ್ಣು ಬಿಡುತ್ತಿದ್ದ, ಅಪಾಯವಿಲ್ಲ ಎಂದರು. ಅರ್ಧ ಗಂಟೆ ತಡವಾಗಿದ್ದರೆ ಬೇರೆ ಮಾತು ಹೇಳಬೇಕಿತ್ತು ಎಂದೂ ಸೇರಿಸಿದರು. ಹೊರಗೆ ಗಾಳಿಪಟ ಓಡಿ ಎರಡನೆಯವಳಾಗಿ ಬಂದಳು. ಅವಳ ನಂಬರು ಒಂದೇ ಮೂಲೆಯಲ್ಲಿ ನೇತಾಡುತ್ತಿತ್ತು.

ಬುಲ್ಡೋಜರನ ಮಂಚದ ಪಕ್ಕದ ಸ್ಟೂಲಿನ ಮೇಲೆ ಮೇಷ್ಟ್ರು ಕೂತರು. ಇನ್ನೊಂದು ಪಕ್ಕ ಕೊಕ್ಕರೆ.

“ನಾನು ನಾಲ್ಕನೆಯವನಾದ ದಿನ,” ಎಂದರು ಮೇಷ್ಟ್ರು, ಯಾರನ್ನೂ ನೋಡದೆ, “ಗ್ಯಾಲರಿ ಕೆಳಗೆ ಕೂತಿದ್ದೆ. ಇಡೀ ಮಧ್ಯಾಹ್ನ. ಯಾರೂ ಹುಡುಕ್ಕೊಂಡು ಬರ್ಲಿಲ್ಲ. ಆವತ್ತು ಯಾರಾದ್ರೂ ಒಂದು ಬಾಟಲಿ ಕೊಟ್ಟಿದ್ರೆ ಕುಡೀತಿದ್ದೆ ಕಣೋ. ಯಾರಿಗೂ ನಾನು ಕಾಣಿಸ್ಲಿಲ್ಲ, ಅದಕ್ಕೆ ಕುಡೀಲಿಲ್ಲ. ಅಷ್ಟೇ.”

ಬುಲ್ಡೋಜರ್ ಕಣ್ಣು ಮುಚ್ಚಿಕೊಂಡೇ, “ಸಾರ್, ನಮ್ಮಪ್ಪಂಗೆ ನೀವೇ ಹೇಳ್ತೀರಾ?” ಅಂದ. ಮೂರು ವರ್ಷದಲ್ಲಿ ಅದು ಅವನ ಮೂರನೆಯ ಮಾತು.

ಮೇಷ್ಟ್ರು ಹೇಳಿದರು. ಊರಿಗೆ ಬಂದ ಸಂಜೆಯೇ ಅವರ ಮನೆಗೆ ಹೋದರು. ಅಪ್ಪ ಗದರಿದಾಗ, “ಬಯ್ಯೋದಿದ್ರೆ ಮೊದ್ಲು ನನ್ನನ್ನ ಬಯ್ಯಿ, ಇವನಿಗೆ ಕೂರೋಕೆ ಜಾಗ ಇದ್ದಲ್ಲಿಂದ ಎಬ್ಬಿಸಿದವನು ನಾನು,” ಎಂದು ನಡುವೆ ನಿಂತರು. ಅಪ್ಪ ಅವರನ್ನೇ ಮುಕ್ಕಾಲು ಗಂಟೆ ಬಯ್ದ. ಅವನೂ ಮೇಷ್ಟ್ರ ಹಳೇ ವಿದ್ಯಾರ್ಥಿಯೇ, ಕೂಡಿಟ್ಟದ್ದು ಬಹಳ ಇತ್ತು.

ಮರುದಿನ ಹೆಡ್‌ಮೇಡಂ ಕೋಣೆ. ಮೇಷ್ಟ್ರು ಒಂದನ್ನೂ ಮುಚ್ಚಿಡಲಿಲ್ಲ. ಕೊನೆಗೆ ಹೆಡ್‌ಮೇಡಂ ಮೇಜಿನ ಮೇಲಿನ ಕಾಗದಗಳನ್ನು ನೇವರಿಸುತ್ತಾ, “ಅಂದ್ರೆ ಪೇಪರ್‌ವೇಟ್ ಯಾವಾಗ ಕೊಡ್ತೀರಿ?” ಅಂದರು.

“ಕೊಡೋದೇನೋ ಕೊಡ್ತೀನಿ ಮೇಡಂ. ಆದ್ರೆ ಇಡೀ ಆಫೀಸು ಮುಲಾಮು ವಾಸನೆ ಹೊಡೆಯುತ್ತೆ.”

ಹೆಡ್‌ಮೇಡಂ ನಗಲಿಲ್ಲ. “ದೊಡ್ಡ ಕೂಟಕ್ಕೆ ಯಾರನ್ನ ಕಳಿಸ್ಲಿ, ನೀವೇ ಹೇಳಿ.”

ಮೇಷ್ಟ್ರ ಗಂಟಲಿನಲ್ಲಿ ಆ ಹೆಸರು ಗುಂಡಿನ ಹಾಗೆ ಸಿಕ್ಕಿಕೊಂಡಿತು. ಹದಿನಾರು ಪೌಂಡಿನ ಗುಂಡು. ಎರಡು ಸಲ ಕೆಮ್ಮಿ, ಕಿಟಕಿಯಾಚೆ ನೋಡಿ, ಕೊನೆಗೆ ಉಗುಳಿದರು: “ಟೀಚರಮ್ಮನ್ನ.” ಹೊರಗೆ ಬಂದು ನಲ್ಲಿಯ ಕೆಳಗೆ ತಲೆಯೊಡ್ಡಿ ನಿಂತರು. ನೀರು ಬಿಸಿಯಾಗಿ ಹರಿಯಿತು ಎಂದು ಜವಾನ ಇಂದಿಗೂ ಹೇಳುತ್ತಾನೆ.

ಹೊಟ್ಟೆಕಿಚ್ಚೇನೂ ಆರಲಿಲ್ಲ. ಆ ಎರಡು ತಿಂಗಳು ಅವರು ಹೊಲಿಗೆ ಕೋಣೆಯ ಮುಂದೆ ಹಾದುಹೋಗುವಾಗಲೆಲ್ಲ ಕಿಟಕಿಯಲ್ಲಿ ಇಣುಕಿದರು. ಒಳಗೆ ಎಷ್ಟು ಮಕ್ಕಳಿದ್ದಾರೆಂದು ಎಣಿಸಿದರು. ಹೆಚ್ಚಿದ್ದ ದಿನ ಊಟ ಸೇರಲಿಲ್ಲ. “ನಿಮಗೇನು ಬೇಕು ಹೇಳಿ, ಮಕ್ಕಳು ಕುಡೀಬಾರ್ದೋ, ಮಕ್ಕಳು ನಿಮ್ಮ ಹತ್ರಾನೇ ಬರ್ಬೇಕೋ?” ಎಂದು ಹೆಂಡತಿ ಕೇಳಿದರು. “ಎರಡೂ,” ಎಂದರು ಮೇಷ್ಟ್ರು. “ಹಾಗಾದ್ರೆ ಅವರು ಬರೋ ಹಾಗೆ ಎಲ್ಲಾದ್ರೂ ಕೂತ್ಕೊಳ್ಳಿ. ಸಾಲಲ್ಲಿ ನಿಲ್ಲಿಸಿದ್ರೆ ಯಾರು ಮಾತಾಡ್ತಾರೆ?”

ಹಾಗೆ ಶುರುವಾಗಿದ್ದು ಮೈದಾನದ ಮೂಲೆಯ ಶೆಡ್ಡಿನ ಸಂಜೆಗಳು. ಮೇಷ್ಟ್ರು ನೆಲದ ಮೇಲೆ ಕೂತು ಹರಿದ ಬಲೆ ಗಂಟು ಹಾಕುತ್ತಿದ್ದರು, ಹಳೇ ಚೆಂಡುಗಳಿಗೆ ಗಾಳಿ ತುಂಬುತ್ತಿದ್ದರು. ಮೊದಲ ದಿನ ಒಬ್ಬನೂ ಬರಲಿಲ್ಲ. ಎರಡನೆಯ ದಿನ ಬುಲ್ಡೋಜರ್ ಬಂದು ಬಲೆಯ ಇನ್ನೊಂದು ತುದಿ ಹಿಡಿದ. ಆಮೇಲೆ ಕೊಕ್ಕರೆ. ಆಮೇಲೆ ಯಾವ ತಂಡಕ್ಕೂ ಎಂದೂ ಆಯ್ಕೆಯಾಗದವರು, ಹೆಸರು ಕೂಡ ಮೇಷ್ಟ್ರಿಗೆ ಗೊತ್ತಿಲ್ಲದವರು. ಅವರು ಆಡಿದ ಮಾತುಗಳಲ್ಲಿ ಅರ್ಧ ಕೇಳಿ ಮೇಷ್ಟ್ರ ಕೂದಲು ನಿಮಿರಿತು. ಯಾವ ಪಂದ್ಯದಲ್ಲಿ ಯಾರು ಕೊಟ್ಟರು, ಎಲ್ಲಿ ಕುಡಿದರು, ‘ಬೇಡ’ ಅಂದವನಿಗೆ ಏನೆಂದು ಹೀಯಾಳಿಸಿದರು. ಮೇಷ್ಟ್ರು ಗದರಲು ಬಾಯಿ ತೆರೆದು, ಮುಚ್ಚಿ, ಇನ್ನೊಂದು ಗಂಟು ಹಾಕಿದರು. ಕೇಳಿದ್ದನ್ನೆಲ್ಲ ಟೀಚರಮ್ಮನಿಗೆ ಒಪ್ಪಿಸಿದರು, ಹಲ್ಲು ಕಚ್ಚಿಕೊಂಡು.

ದೊಡ್ಡ ಕೂಟದ ಬೆಳಗ್ಗೆ ಬಸ್ಸು ಗೇಟಿನಲ್ಲಿ ನಿಂತಿತು. ಆಯ್ಕೆಯಾದ ಏಳು ಮಂದಿ ಹತ್ತಿದರು, ಕೊನೆಗೆ ಬಟ್ಟೆ ಚೀಲದ ಸಮೇತ ಟೀಚರಮ್ಮ. ಮೇಷ್ಟ್ರು ಕೆಳಗೆ ನಿಂತು ಟಯರುಗಳನ್ನು ಒದ್ದು ನೋಡುತ್ತಿದ್ದರು, ಡ್ರೈವರು ಬೇಡವೆಂದರೂ ಕೇಳದೆ.

ಟೀಚರಮ್ಮ ಕಿಟಕಿಯಿಂದ ಬಗ್ಗಿದರು. “ಸರ್, ಕಣ್ಣು ಕೆಂಪಗಿದೆ. ರಾತ್ರಿ ನಿದ್ದೆ ಬಂತಾ? ನಿಜ ಹೇಳಿ, ಹೊಟ್ಟೆಕಿಚ್ಚು ತಾನೇ?”

ಮೇಷ್ಟ್ರು ಟಯರು ಬಿಟ್ಟು ಸೊಂಟದ ಮೇಲೆ ಕೈಯಿಟ್ಟರು.

“ಇಲ್ಲದೆ ಇರುತ್ತಾ ಟೀಚರಮ್ಮ? ಆದ್ರೆ ಒಂದು ತಿಳ್ಕೊಳ್ಳಿ. ನೀವು ಕರ್ಕೊಂಡು ಹೋಗ್ತಿರೋದು ಏಳು ಜನರನ್ನ. ನೀವು ಬಿಟ್ಟು ಹೋಗ್ತಿರೋ ಮೂವತ್ನಾಲ್ಕು ಜನ ಸಂಜೆಗೆ ನನ್ನ ಶೆಡ್ಡಿಗೆ ಬರ್ತಾರೆ. ದಾರಿಯುದ್ದಕ್ಕೂ ಕೂತು ಯೋಚನೆ ಮಾಡಿ, ಹೊಟ್ಟೆ ಉರಿಬೇಕಾದ್ದು ಯಾರಿಗೆ ಅಂತ!”